ಗ್ಯಾರೇಜಿಗೆ ಹಾಸಿದ್ದು

ಕಾರ್ಪೆಟ್ಟಿನಂಗಡಿ ಯಜಮಾನನ ಮಗಳು ಗಂಡನ ಮನೆ ಬಿಟ್ಟು ಬಂದಾಗ ಅವಳಿಗೆ ಮಲಗಲು ಸಿಕ್ಕಿದ್ದು ಹಾಲಿನ ಸೋಫಾ. ಊರಿನ ಅರ್ಧ ಮನೆಗಳಿಗೆ ಮೆತ್ತನೆಯ ನೆಲ ಹಾಸಿಕೊಟ್ಟ ಸಂಸಾರ ಅದು. ಆದರೆ ಸ್ವಂತ ಮಗಳು ಕಾಲು ಚಾಚುವಷ್ಟು ಜಾಗವನ್ನು ಯಾರೂ ಮಿಗಿಸಿಟ್ಟಿರಲಿಲ್ಲ. ಮೇಲಿನ ಎರಡು ಕೋಣೆಗಳಲ್ಲಿ ಒಂದು ಅಣ್ಣ ಅತ್ತಿಗೆಯದು, ಇನ್ನೊಂದು ಪರೀಕ್ಷೆಗೆ ಓದುತ್ತಿದ್ದ ಅವರ ಅವಳಿ ಹೆಣ್ಣುಮಕ್ಕಳದು. ಕೆಳಗಿನದು ಅಪ್ಪ ಅಮ್ಮನದು. ಅಪ್ಪ ನಸುಕಿಗೇ ಎದ್ದು ಹಾಲಿನಲ್ಲಿ ರೇಡಿಯೊ ಹಾಕುತ್ತಿದ್ದ, ಅಣ್ಣ ಮಲಗುವ ತನಕ ಟೀವಿ ನೋಡುತ್ತಿದ್ದ. ಇವರಿಬ್ಬರ ನಡುವೆ ಉಳಿದ ಹೊತ್ತಿನಲ್ಲಿ ಅವಳು ನಿದ್ದೆ ಮಾಡಬೇಕು.

ಮನೆಯಲ್ಲಿ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಸ್ಯಾಂಪಲ್ಲು ಕತ್ತರಿಸುವುದರಲ್ಲಿ ಎತ್ತಿದ ಕೈ ಅಂತ ಅಪ್ಪನೇ ಇಟ್ಟ ಅಡ್ಡಹೆಸರು. ನಾಲಿಗೆಯೂ ಅಷ್ಟೇ ಹರಿತವಾಗಿದ್ದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ನಲವತ್ತು ದಾಟಿ, ಕೂದಲಿಗೆ ಬಣ್ಣ ಹಚ್ಚುವ ವಯಸ್ಸಾದ ಮೇಲೂ ಅವಳು ಕತ್ತರಿಯೇ. ಗಂಡ ಇನ್ನೊಬ್ಬಳ ಜೊತೆ ಇನ್ನೊಂದು ಮನೆ ಮಾಡಿದ್ದ. ಅದನ್ನು ಮುಚ್ಚಿಡುವ ಕಷ್ಟವನ್ನೂ ಅವನು ತೆಗೆದುಕೊಂಡಿರಲಿಲ್ಲ.

ಮೊದಮೊದಲು ಎಲ್ಲರೂ ಅವಳ ತಟ್ಟೆಗೆ ಒಂದು ಸೌಟು ಹೆಚ್ಚೇ ಬಡಿಸಿದರು. ಆಮೇಲೆ ಸೋಫಾದ ಮಾತು ಶುರುವಾಯಿತು.

“ಬಂದೋರ ಎದುರಿಗೆ ಹೊದಿಕೆ, ದಿಂಬು ಎಲ್ಲಾ ಬಿದ್ದಿರುತ್ತೆ. ಏನ್ ಚೆಂದ ಹೇಳಿ,” ಎಂದಳು ಅತ್ತಿಗೆ, ಗಂಡನಿಗೆ ಹೇಳುವಂತೆ ನಾದಿನಿಗೆ ಕೇಳಿಸುತ್ತ.

“ಮಡಚಿ ಇಡ್ತೀನಲ್ಲ ಅತ್ತಿಗೆ,” ಎಂದಳು ಕತ್ತರಿ.

“ಒಂಬತ್ತು ಗಂಟೆಗೆ ಮಡಚ್ತೀಯ. ಗಿರಾಕಿಗಳು ಎಂಟಕ್ಕೇ ಬರ್ತಾರೆ.”

“ಹಾಗಾದ್ರೆ ನನ್ನನ್ನೂ ಮಡಚಿ ಇಟ್ಟುಬಿಡಿ.”

ಅಮ್ಮ ಇಬ್ಬರ ನಡುವೆ ಟೀ ಲೋಟಗಳನ್ನು ಇಟ್ಟು, “ಬೆಳಬೆಳಗ್ಗೆ ಶುರು ಮಾಡ್ಕೊಂಡ್ರಾ,” ಎಂದು ಗೊಣಗಿದಳು. ಆ ಮನೆಯಲ್ಲಿ ಜಗಳ ನಿಲ್ಲಿಸಲು ಅಮ್ಮನಿಗೆ ಗೊತ್ತಿದ್ದ ಉಪಾಯ ಟೀ ಒಂದೇ.

ಗ್ಯಾರೇಜಿನ ಯೋಚನೆ ಬಂದದ್ದು ಕತ್ತರಿಗೇ. ಅಂಗಡಿ ಮುಂದೆ, ಮನೆ ಹಿಂದೆ, ಎರಡಕ್ಕೂ ಅಂಟಿಕೊಂಡಂತೆ ಪಕ್ಕದಲ್ಲಿ ಗ್ಯಾರೇಜು. ಅದರ ಅರ್ಧದಲ್ಲಿ ಮಾಲು ಸಾಗಿಸುವ ವ್ಯಾನು ನಿಲ್ಲುತ್ತಿತ್ತು. ಉಳಿದರ್ಧದಲ್ಲಿ ಮುರಿದ ಕುರ್ಚಿ, ಖಾಲಿ ಡಬ್ಬ, ಯಾರಿಗೂ ಬೇಡವಾದ ತುಂಡುಗಳು.

“ಆ ಅರ್ಧ ನನಗೆ ಕೊಡಪ್ಪ,” ಎಂದಳು ರಾತ್ರಿ ಊಟಕ್ಕೆ ಕೂತಾಗ. “ನಡುವೆ ಸಿಮೆಂಟ್ ಶೀಟಿನ ತಡಿಕೆ ಹಾಕಿಸಿ. ಒಂದು ಮಂಚ, ಅಂಚು ಹೊಲಿಯೋ ಯಂತ್ರ. ಹೊರಗಡೆ ಕೊಟ್ಟು ಹೊಲಿಸ್ತಿದ್ದೀರಲ್ಲ, ಆ ಕೆಲಸ ನಾನೇ ಮಾಡ್ತೀನಿ. ಸುಮ್ಮನೆ ಕೂತು ತಿನ್ನೋಕೆ ನನಗೂ ಆಗಲ್ಲ.”

“ಗ್ಯಾರೇಜಲ್ಲಿ ಮಲಗೋದಾ?” ಎಂದಳು ಅಮ್ಮ.

“ಸೋಫಾಗಿಂತ ವಾಸಿ. ಒಂದೇ ಒಂದು ಕೇಳ್ತೀನಪ್ಪ. ಪಕ್ಕದಲ್ಲೇ ವ್ಯಾನು, ಗಮ್ಮಿನ ಡಬ್ಬ, ಥಿನ್ನರು. ನೆಲಕ್ಕೆ ಬೆಂಕಿಗೆ ಬಗ್ಗದಂಥದ್ದು ಹಾಕ್ಸು.”

ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಮಗಳನ್ನು ನೋಡಿದ. “ಅದನ್ನ ನೀನು ನನಗೆ ಹೇಳಿಕೊಡ್ಬೇಕಾ?”

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು.

ನಗುವಂಥ ಮಾತೇ ಅದು. ಬೆಂಕಿಯ ವಿಷಯದಲ್ಲಿ ಅಪ್ಪನಿಗೆ ಪಾಠ ಹೇಳುವವರು ಆ ಊರಲ್ಲಿ ಇರಲಿಲ್ಲ. ಬೇರೆ ಅಂಗಡಿಯವರು ಬಣ್ಣ ತೋರಿಸುತ್ತಿದ್ದರು, ಅಪ್ಪ ಬೆಂಕಿಕಡ್ಡಿ ಗೀರುತ್ತಿದ್ದ. ಸ್ಯಾಂಪಲ್ಲನ್ನು ಉಕ್ಕಿನ ತಟ್ಟೆಯಲ್ಲಿಟ್ಟು, ಉರಿಯುವ ಕಡ್ಡಿಯನ್ನು ಅದರ ನಡುಮಧ್ಯಕ್ಕೆ ಹಾಕಿ, ಕೈ ಕಟ್ಟಿ ನಿಲ್ಲುತ್ತಿದ್ದ. ಒಳ್ಳೆಯ ಉಣ್ಣೆಯದಾದರೆ ಕಡ್ಡಿ ಅಲ್ಲೇ ಸತ್ತು, ನಾಣ್ಯದಷ್ಟು ಕಪ್ಪು ಉಳಿಯುತ್ತಿತ್ತು. ಆಮೇಲೆ ಸ್ಯಾಂಪಲ್ಲನ್ನು ಮಗುಚಿ ಅದರ ಬೆನ್ನಿಗೆ ಇನ್ನೊಂದು ಕಡ್ಡಿ. ಕೊನೆಗೆ ಕೆಳಗೆ ಹಾಸುವ ಸ್ಪಂಜಿಗೂ ಒಂದು ಕಡ್ಡಿ. ಮೂರರಲ್ಲೂ ಪಾಸಾಗದೆ ಮಾಲು ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ವಸ್ತುಪ್ರದರ್ಶನದ ಮಳಿಗೆಗಳಿಗೆ ಹಾಸುವ ತೆಳ್ಳನೆಯ ಮಾಲು ಮಾತ್ರ ಇದಕ್ಕೆ ಹೊರತು. ಮೂರು ದಿನ ಹಾಸಿ ನಾಲ್ಕನೆಯ ದಿನ ಕಿತ್ತೆಸೆಯುವ ಅದನ್ನು ಅಂಗಡಿಯಲ್ಲಿ ‘ಮಳಿಗೆ ಮಾಲು’ ಎನ್ನುತ್ತಿದ್ದರು. ಅದಕ್ಕೆ ಕಡ್ಡಿ ದಂಡ ಎಂದು ಅಪ್ಪ ಗೀರುತ್ತಲೇ ಇರಲಿಲ್ಲ.

ಅದೇ ವಾರ ಮೋಟಾರು ಷೋರೂಮಿನ ಸಾಹುಕಾರ ಬಂದ. ಮುಂದೆ ಕಾರುಗಳನ್ನಿಟ್ಟ ದೊಡ್ಡ ಹಾಲು, ಮೇಲೆ ಆಫೀಸು, ಹಿಂದೆ ಗ್ಯಾರೇಜು, ಮೂರಕ್ಕೂ ಕಾರ್ಪೆಟ್ಟು ಬೇಕಿತ್ತು. ಅಂಥ ಆರ್ಡರು ಬಂದು ಬಹಳ ಕಾಲವಾಗಿತ್ತು. ಅಣ್ಣ ಕುರ್ಚಿ ಒರೆಸಿದ. ಅಮ್ಮ ಟೀ ಕಳಿಸಿದಳು. ಕತ್ತರಿ ಸ್ಯಾಂಪಲ್ಲಿನ ಕಟ್ಟುಗಳನ್ನು ತಂದು ಹರಡಿದಳು.

“ಹಾಲಿಗೆ, ಆಫೀಸಿಗೆ ನೀವು ಹೇಳಿದ್ದೇ ಇರಲಿ,” ಎಂದ ಸಾಹುಕಾರ, ಕಡ್ಡಿಯ ಆಟವನ್ನೆಲ್ಲ ನೋಡಿದ ಮೇಲೆ. “ಹಿಂದಿನ ಗ್ಯಾರೇಜಿಗೆ ಸುಮ್ಮನೆ ಯಾವುದಾದ್ರೂ ಅಗ್ಗದ್ದು ಹಾಕಿ. ಅಲ್ಲಿ ಯಾರು ನೋಡ್ತಾರೆ? ಕಾವಲುಗಾರ ಮಲಗ್ತಾನೆ, ಅಷ್ಟೆ.”

“ಗ್ಯಾರೇಜಿಗೇ ಮೊದಲು ಒಳ್ಳೇದು ಹಾಕ್ಬೇಕು ಸ್ವಾಮಿ,” ಎಂದ ಅಪ್ಪ. “ಗಾಡಿಯಿಂದ ಎಣ್ಣೆ ತೊಟ್ಟಿಕ್ಕುತ್ತೆ. ಎಣ್ಣೆ ಕುಡಿದ ಅಗ್ಗದ ಕಾರ್ಪೆಟ್ಟು ದೀಪದ ಬತ್ತಿ ಇದ್ದ ಹಾಗೆ. ಗಾಡಿ ನಿಲ್ಲೋ ಕಡೆ ಏನೂ ಹಾಸ್ಬೇಡಿ, ಬರೀ ನೆಲ ಇರಲಿ. ಅವನು ಮಲಗೋ ಕಡೆ ಇದನ್ನ ಹಾಕಿ.”

“ಕಾವಲುಗಾರನಿಗೆ ಉಣ್ಣೇದಾ?”

“ಮನುಷ್ಯ ಮಲಗೋ ಕಡೆ ನಾನು ಅಗ್ಗದ್ದು ಹಾಕಲ್ಲ. ಬೇಕಾದ್ರೆ ಪೂರಾ ಆರ್ಡರು ಬೇರೆ ಅಂಗಡಿಗೆ ಕೊಡಿ.”

ಅಣ್ಣನ ಮುಖ ಇಳಿದೇಹೋಯಿತು. ಸಾಹುಕಾರ ನಕ್ಕು ಒಪ್ಪಿಕೊಂಡ. ಅವತ್ತಿಡೀ ಕತ್ತರಿ ಎದೆಯುಬ್ಬಿಸಿಕೊಂಡು ಓಡಾಡಿದಳು. ಬಿಟ್ಟು ಬಂದ ಮನೆಯಲ್ಲಿ ಅವಳಿಗೆ ಹೆಮ್ಮೆಪಡುವಂಥದ್ದು ಏನೂ ಉಳಿದಿರಲಿಲ್ಲ. ಇಲ್ಲಿ ಅಪ್ಪ ಇದ್ದ.

ಯಂತ್ರಕ್ಕೆ ಸೂಜಿ, ಬೆಲ್ಟು ತರಲು ಅವಳು ಪೇಟೆಗೆ ಹೋದ ದಿನ ಅಪ್ಪ ಮತ್ತು ಅಣ್ಣ ಸೇರಿ ಗ್ಯಾರೇಜಿನ ಕೆಲಸ ಮುಗಿಸಿಬಿಟ್ಟಿದ್ದರು. ತಡಿಕೆಗೆ ಸುಣ್ಣ, ಮಂಚಕ್ಕೆ ಹೊಸ ಹೊದಿಕೆ, ಗೋಡೆಯಿಂದ ಗೋಡೆಗೆ ಕಡುನೀಲಿ ಕಾರ್ಪೆಟ್ಟು. ಕತ್ತರಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಅಲ್ಲೇ ಕೂತು ಅತ್ತುಬಿಟ್ಟಳು. ಇನ್ನು ಈ ಜಾಗ ತನ್ನದು ಅನ್ನಿಸಿತು. ಅಮ್ಮನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ, “ಮೊದಲು ಊಟ ಮಾಡು, ಆರಿಹೋಗುತ್ತೆ,” ಎಂದು ಹೊರಟುಹೋದ.

ಸ್ಯಾಂಪಲ್ಲು ಕತ್ತರಿಸಿ ಬೆಳೆದ ಹುಡುಗಿಗೆ ಕಾಲ ಕೆಳಗಿನ ಮಾಲು ಯಾವುದೆಂದು ತಿಳಿಯಲಿಲ್ಲವೇ ಎಂದು ಕೇಳಬಹುದು. ಈಗಿನ ಮಾಲೆಲ್ಲ ಉಣ್ಣೆಯ ವೇಷ ಹಾಕಿಕೊಂಡೇ ಬರುತ್ತದೆ, ಅವಳು ಅಂಗಡಿ ಬಿಟ್ಟು ವರ್ಷಗಳಾಗಿದ್ದವು. ಒಂದು ಕಡ್ಡಿ ಗೀರಿದ್ದರೆ ತಿಳಿಯುತ್ತಿತ್ತು. ಆದರೆ ಅಪ್ಪ ಹಾಸಿದ್ದಕ್ಕೆ ಕಡ್ಡಿ ಗೀರಿ ನೋಡುವುದು ಆ ಮನೆಯಲ್ಲಿ ಅಪ್ಪನ ಮುಖಕ್ಕೆ ಹೊಡೆದ ಹಾಗೆ. ಯಾರೂ ಮಾಡಿರಲಿಲ್ಲ, ಅವಳೂ ಮಾಡಲಿಲ್ಲ.

ಎರಡು ವಾರ ಸುಖವಾಗಿಯೇ ಕಳೆಯಿತು. ಬೆಳಗ್ಗೆ ಅಮ್ಮನ ಜೊತೆ ಪಾತ್ರೆ, ಬಟ್ಟೆ. ಆಮೇಲೆ ಮಧ್ಯಾಹ್ನದವರೆಗೆ ಯಂತ್ರ. ಷೋರೂಮಿನ ಮೆಟ್ಟಿಲಿಗೆ ಬೇಕಾದ ತುಂಡುಗಳಿಗೆಲ್ಲ ಅವಳೇ ಅಂಚು ಹೊಲಿದಳು. ಅವಳಿಗಳು ಸಂಜೆ ಬಂದು ಮಂಚದ ಮೇಲೆ, ನೆಲದ ಮೇಲೆ ಬಿದ್ದುಕೊಂಡು ಓದುವುದು ರೂಢಿಯಾಯಿತು. “ಅತ್ತೆ ರೂಮೇ ಬೆಚ್ಚಗಿದೆ,” ಎನ್ನುತ್ತಿದ್ದರು. ಅತ್ತಿಗೆ ಒಂದು ಹಳೆಯ ಪರದೆ ಕೊಟ್ಟಳು. ಸೋಫಾ ಮತ್ತೆ ಸೋಫಾ ಆಯಿತು.

ಒಂದು ಮಧ್ಯಾಹ್ನ ಕತ್ತರಿ ಅಂಚುಪಟ್ಟಿಗೆ ಇಸ್ತ್ರಿ ಹಾಕುತ್ತ ನೆಲದ ಮೇಲೆ ಕೂತಿದ್ದಳು. ಇಸ್ತ್ರಿಪೆಟ್ಟಿಗೆಯ ತುದಿ ಹಲಗೆಯಿಂದ ಜಾರಿ ಕಾರ್ಪೆಟ್ಟಿಗೆ ತಾಗಿತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಎತ್ತಿದರೆ ನೀಲಿ ಎಳೆಗಳು ಪಾಕದಂತೆ ಹಿಂದೆಯೇ ಎದ್ದು ಬಂದವು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪ್ಲಾಸ್ಟಿಕ್ಕಿನ ಬಕೆಟ್ಟು ಸುಟ್ಟ ವಾಸನೆ.

ಅವಳು ಮಂಚ ಸರಿಸಿ, ಮೂಲೆಯನ್ನು ಉಗುರಿನಿಂದ ಎತ್ತಿದಳು. ಕೆಳಗೆ ಗಮ್ಮು ಇರಲಿಲ್ಲ. ಎರಡೂ ಬದಿ ಅಂಟುವ ಟೇಪಿನ ಪಟ್ಟಿ ಇತ್ತು, ಕೀಳುವಾಗ ಸಲೀಸಾಗಲಿ ಎಂದು ಮಳಿಗೆಗಳಲ್ಲಿ ಹಾಕುವಂಥದ್ದು. ಅಂಗೈಯಗಲ ತುಂಡು ಕತ್ತರಿಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕಡ್ಡಿ ಹಾಕಿದಳು. ಕಡ್ಡಿ ಸಾಯಲಿಲ್ಲ. ತುಂಡೇ ಹೊತ್ತಿಕೊಂಡು, ಕರಗಿ, ಉರಿಯುವ ಹನಿಗಳಾಗಿ ಕಲ್ಲಿನ ಮೇಲಿಂದ ಇಳಿಯಿತು. ಅದರ ಮೇಲೆ ಅವಳು ಎರಡು ವಾರ ಮಲಗಿದ್ದಳು, ಅಣ್ಣನ ಮಕ್ಕಳನ್ನೂ ಮಲಗಿಸಿಕೊಂಡಿದ್ದಳು.

ರಾತ್ರಿ ಅತ್ತಿಗೆ ಆಲೂಗಡ್ಡೆ ಬಡಿಸುತ್ತಿದ್ದಾಗ ಕತ್ತರಿ ಸುಟ್ಟ ತುಂಡನ್ನು ಊಟದ ಮೇಜಿನ ಮೇಲಿಟ್ಟಳು.

“ಇದೇನು ಅಂತ ಯಾರಾದ್ರೂ ಹೇಳ್ತೀರಾ?”

ಅಣ್ಣ ನೀರು ಕುಡಿದ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

“ನಾನು ಹೇಳ್ತೀನಿ. ಮಳಿಗೆ ಮಾಲು. ಇದನ್ನ ಯಾರ ಕೈ ನನ್ನ ಕೋಣೆಗೆ ತಂತು ಅಂತಲೂ ಗೊತ್ತು. ಗೋಡೌನಿನ ಬೀಗದ ಕೈ ಯಾರ ಸೊಂಟದಲ್ಲಿರುತ್ತೋ ಅವರು.”

ಸೌಟು ಅತ್ತಿಗೆಯ ಕೈಯಲ್ಲೇ ನಿಂತಿತು. “ನಾನಾ?”

“ಮತ್ತೆ ನಾನಾ? ಒಳ್ಳೇ ರೋಲು ಕೊಡೋಕೆ ಹೊಟ್ಟೆ ಉರೀತು ಅಲ್ವ ಅತ್ತಿಗೆ? ಅಪ್ಪ ಒಂದು ಆರಿಸಿದ್ರೆ ನೀವು ಇನ್ನೊಂದು ಕೊಟ್ರಿ.”

“ನಾನಲ್ಲ,” ಎಂದಳು ಅತ್ತಿಗೆ. ಮತ್ತೆ ಏನೋ ಹೇಳಹೊರಟು ಗಂಡನ ಕಡೆ ನೋಡಿದಳು. ಅವನು ಮತ್ತೆ ನೀರು ಕುಡಿದ.

“ಊಟದ ಹೊತ್ತಲ್ಲಿ ಬೇಡ,” ಎಂದ ಅಪ್ಪ.

“ಬದಲಾಯಿಸೋಣ ಬಿಡೆ,” ಎಂದ ಅಣ್ಣ. “ಷೋರೂಮಿನ ಕೆಲಸ ಮುಗೀಲಿ.”

ಮಾತು ಅಲ್ಲಿಗೆ ನಿಂತಿತು, ಜಗಳ ನಿಲ್ಲಲಿಲ್ಲ. ಷೋರೂಮಿನ ಕೆಲಸ ಮುಗಿಯಿತು, ಕಾರ್ಪೆಟ್ಟು ಬದಲಾಗಲಿಲ್ಲ. ನಾದಿನಿ, ಅತ್ತಿಗೆ ಒಂದೇ ಒಲೆಯ ಮುಂದೆ ಬೆನ್ನಿಗೆ ಬೆನ್ನು ಮಾಡಿ ಅಡುಗೆ ಮಾಡಿದರು. ಒಬ್ಬಳು ಒಣಹಾಕಿದ ಬಟ್ಟೆಯನ್ನು ಇನ್ನೊಬ್ಬಳು ಪಕ್ಕಕ್ಕೆ ತಳ್ಳಿದಳು. ಅವಳಿಗಳು ಗ್ಯಾರೇಜಿಗೆ ಬರುವುದನ್ನು ಕತ್ತರಿಯೇ ನಿಲ್ಲಿಸಿದಳು. ಕಾರಣ ಹೇಳಿದ್ದರೆ ಅತ್ತಿಗೆಗೆ ಸಮಾಧಾನವಾಗುತ್ತಿತ್ತೋ ಏನೋ. ಹೇಳದೆ ಬಾಗಿಲು ಹಾಕಿಕೊಂಡಳು. ಅಮ್ಮನ ಟೀ ದಿನಕ್ಕೆ ನಾಲ್ಕು ಸಲವಾಯಿತು, ಪ್ರಯೋಜನವಾಗಲಿಲ್ಲ.

ಕಟ್ಟೆ ಒಡೆದದ್ದು ಹಿತ್ತಲಲ್ಲಿ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, “ಹೊಸ ರೂಮು ಹೇಗಿದೆ?” ಎಂದು ಕೇಳಿದಳು. ಕತ್ತರಿ, ಅತ್ತಿಗೆಗೆ ಕೇಳಿಸಲೆಂದೇ ದನಿ ಎತ್ತರಿಸಿ, “ನಮ್ಮಪ್ಪ ಕೊಟ್ಟಿದ್ದನ್ನ ಬೇರೆ ಮನೆಯಿಂದ ಬಂದೋರು ಕಿತ್ತುಕೊಂಡ್ರು,” ಎಂದಳು.

ಅತ್ತಿಗೆ ಕೈಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನೆಟ್ಟಗೆ ಬಂದು ಎದುರು ನಿಂತಳು.

“ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇನ್ನು ಆಗಲ್ಲ. ಆ ರೋಲನ್ನ ಆರಿಸಿದ್ದು ನಿಮ್ಮಪ್ಪ. ಹೊತ್ಕೊಂಡು ಬಂದಿದ್ದು ನಿಮ್ಮಣ್ಣ. ಷೋರೂಮಿಗೆ ತರಿಸಿದ್ದು ಮಿಗುತ್ತೆ ಮಾವ, ಅದನ್ನೇ ಹಾಕಿ ಅಂದೆ ನಾನು. ನನ್ನ ಮಾತು ಈ ಮನೇಲಿ ಯಾರು ಕೇಳಿದ್ದಾರೆ?”

“ಸುಳ್ಳು.”

“ಸುಳ್ಳೋ ನಿಜವೋ ಅವರನ್ನೇ ಕೇಳು. ನನ್ನ ಮಕ್ಕಳೂ ಅದರ ಮೇಲೇ ಉರುಳಾಡಿದ್ದು. ಅಷ್ಟು ಕೆಟ್ಟೋಳು ನಾನಲ್ಲ.”

ಕತ್ತರಿ ಒದ್ದೆ ಕೈಯಲ್ಲೇ ಅಂಗಡಿಗೆ ಹೋದಳು. ಅಪ್ಪ ಕನ್ನಡಕ ಏರಿಸಿಕೊಂಡು ಅಳತೆಪಟ್ಟಿ ಸುತ್ತುತ್ತಿದ್ದ. ಅಣ್ಣ ಫೋನಿನಲ್ಲಿದ್ದವನು ತಂಗಿಯ ಮುಖ ನೋಡಿ ಮಾತು ಕತ್ತರಿಸಿದ.

“ಅಪ್ಪ, ನನ್ನ ಕೋಣೆ ಕಾರ್ಪೆಟ್ಟು ಆರಿಸಿದ್ದು ಯಾರು?”

“ನಾನೇ,” ಎಂದ ಅಪ್ಪ. ದನಿಯಲ್ಲಿ ಅಳುಕಿರಲಿಲ್ಲ.

“ಮಳಿಗೆ ಮಾಲು ಅಂತ ಗೊತ್ತಿತ್ತಾ?”

“ನನ್ನ ಅಂಗಡಿ ಮಾಲು ನನಗೆ ಗೊತ್ತಿಲ್ವ?”

“ಹಾಗಾದ್ರೆ ಅತ್ತಿಗೆನ ನಾನು ಬಾಯಿಗೆ ಬಂದ ಹಾಗೆ ಅಂದಾಗ ಸುಮ್ಮನಿದ್ಯಲ್ಲ.”

ಅಪ್ಪ ಪಟ್ಟಿ ಸುತ್ತುವುದನ್ನು ಮುಂದುವರಿಸಿದ. “ಹೆಂಗಸರ ಜಗಳ. ತಾನಾಗೇ ಆರುತ್ತೆ ಅಂದ್ಕೊಂಡೆ.”

“ಷೋರೂಮಿನ ಕಾವಲುಗಾರನಿಗೆ ಅಗ್ಗದ್ದು ಹಾಕಲ್ಲ ಅಂತ ಇದೇ ಜಾಗದಲ್ಲಿ ನಿಂತು ಹೇಳ್ದೆ. ಪೂರಾ ಆರ್ಡರು ಬಿಡೋಕೆ ತಯಾರಾಗಿದ್ದೆ. ಅವನಿಗೆ ಹಾಕದ್ದನ್ನ ನನಗೆ ಹೇಗಪ್ಪ ಹಾಕ್ದೆ?”

“ಅವನು ಅಲ್ಲೇ ಇರೋನಮ್ಮ,” ಎಂದ ಅಪ್ಪ, ಏನೂ ಅರಿಯದ ಮಗುವಿಗೆ ಹೇಳುವಂತೆ ಮೆಲ್ಲಗೆ. “ನೀನು ಹೋಗೋಳಲ್ವ.”

ಅಂಗಡಿಯ ಗಾಜಿನಾಚೆ ಯಾರೋ ನಿಂತು ಒಳಗಿನ ಬಣ್ಣ ನೋಡಿ ಮುಂದೆ ಹೋದರು.

“ಎಲ್ಲಿಗೆ?” ಎಂದಳು ಕತ್ತರಿ.

“ಅಳಿಯಂದಿರ ಹತ್ರ ಮಾತಾಡಿದ್ದೀನಿ. ಚಳಿ ಮುಗಿಯೋದ್ರೊಳಗೆ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ಗಂಡಸರು ಒಂದೊಂದು ಸಲ ದಾರಿ ತಪ್ತಾರೆ. ಎರಡು ತಿಂಗಳಿಗೆ ಅಂತ ಉಣ್ಣೇದು ಹಾಸಿ ಗಮ್ಮು ಹಾಕಿದ್ರೆ, ಆಮೇಲೆ ಕಿತ್ರೆ ದಂಡ ತಾನೆ?”

“ಅಷ್ಟರಲ್ಲಿ ಬೆಂಕಿ ಬಿದ್ದಿದ್ರೆ?”

“ಬೀಳಲಿಲ್ವಲ್ಲ,” ಎಂದ ಅಪ್ಪ.

ಅಣ್ಣ ಏನೋ ಸಮಾಧಾನ ಹೇಳಲು ಬಾಯಿ ತೆಗೆದ. ಕತ್ತರಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹೋಗುವವಳು ಎಂದು ಗಂಡ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅಪ್ಪ ಅದನ್ನು ಬಾಯಲ್ಲಿ ಹೇಳದೆ ನೆಲಕ್ಕೆ ಹಾಸಿದ್ದ, ಅವಳು ಅದರ ಮೇಲೆ ಕೂತು ಸಂತೋಷದಿಂದ ಅತ್ತಿದ್ದಳು. ಆ ಅಳುವಿಗೆ ಈಗ ಅವಳಿಗೇ ನಾಚಿಕೆಯಾಯಿತು.

ಸಂಜೆಯೊಳಗೆ ಅವಳು ಮಂಚ, ಯಂತ್ರ ಎಲ್ಲ ಒಂದು ಕಡೆ ತಳ್ಳಿ ಕಾರ್ಪೆಟ್ಟನ್ನು ಕಿತ್ತಳು. ಕಷ್ಟವೇನೂ ಆಗಲಿಲ್ಲ. ಸುತ್ತಿ, ಎಳೆದುಕೊಂಡು ಹೋಗಿ ಅಂಗಡಿಯ ಬಾಗಿಲಿಗೆ ಒರಗಿಸಿ ಬಂದಳು. ಆಮೇಲೆ ಅಡುಗೆಮನೆಗೆ ಹೋಗಿ, ಅತ್ತಿಗೆಯ ಕೈಯಿಂದ ಸೀದ ಬಾಣಲೆಯನ್ನು ತೆಗೆದುಕೊಂಡು ಉಜ್ಜತೊಡಗಿದಳು.

“ಅತ್ತಿಗೆ, ನಾನು ಅಂದಿದ್ದೆಲ್ಲ…”

“ಬಾಣಲೆ ಉಜ್ಜಿದ್ರೆ ಹೋಗೋ ಮಾತಲ್ಲ ಅದು,” ಎಂದಳು ಅತ್ತಿಗೆ. ಆದರೆ ಬಾಣಲೆಯನ್ನು ಹಿಂದಕ್ಕೆ ಕಿತ್ತುಕೊಳ್ಳಲಿಲ್ಲ. ಇಬ್ಬರೂ ಸೇರಿ ಉಳಿದ ಪಾತ್ರೆಗಳನ್ನು ಮುಗಿಸಿದರು.

ಮರುದಿನದಿಂದ ಕತ್ತರಿ ಅಂಚು ಹೊಲಿದ ಪ್ರತಿ ತುಂಡಿಗೂ ಹೊರಗಿನವರಿಗೆ ಕೊಡುತ್ತಿದ್ದಷ್ಟೇ ಕೂಲಿ ಕೇಳಿದಳು. ಅಣ್ಣ ಮುಖ ಗಂಟು ಹಾಕಿಕೊಂಡೇ ಕೊಟ್ಟ. “ಸ್ವಂತ ಮನೇಲಿ ಕೂಲಿ ಕೇಳ್ತಾರೇನೆ?” ಎಂದು ಅಮ್ಮ ಕೇಳಿದಾಗ, “ಸ್ವಂತದ್ದು ಆದಾಗ ಬಿಡ್ತೀನಿ,” ಎಂದಳು.

ಚಳಿ ಬಲಿಯಿತು. ಬರಿ ಸಿಮೆಂಟಿನ ಮೇಲೆ ಕಾಲಿಟ್ಟರೆ ಮೂಳೆಯವರೆಗೂ ತಣ್ಣಗಾಗುತ್ತಿತ್ತು. ಅವಳು ಎರಡು ಜೊತೆ ಕಾಲುಚೀಲ ಹಾಕಿಕೊಂಡು ಯಂತ್ರ ತುಳಿದಳು. ಅಪ್ಪ ಫೋನು ಮಾಡುತ್ತಲೇ ಇದ್ದ. ಅಳಿಯ ಮುಂದಿನ ವಾರ ಎಂದ, ಅದರ ಮುಂದಿನ ವಾರ ಎಂದ, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಚಳಿ ಇಳಿಯುವ ಹೊತ್ತಿಗೆ ಅಣ್ಣ ಖುದ್ದಾಗಿ ಹೋಗಿ ನೋಡಿ ಬಂದ. ಶೂ ಬಿಚ್ಚುತ್ತಲೇ, “ಭಾವ ಬರಲ್ಲವಂತೆ. ಆ ಮನೇಲಿ ಈಗ ಆ ಇನ್ನೊಬ್ಬಳೇ ಇದ್ದಾಳೆ, ಇವಳ ಸಾಮಾನೆಲ್ಲ ಮೂಟೆ ಕಟ್ಟಿ ಮೂಲೇಲಿ ಹಾಕಿದ್ದಾರೆ,” ಎಂದ. ಅಮ್ಮ ಟೀಗೆ ನೀರಿಟ್ಟಳು, ಒಲೆ ಹಚ್ಚುವುದನ್ನು ಮರೆತಳು. ಅಪ್ಪ ಊಟ ಬೇಡವೆಂದು ಎದ್ದುಹೋದ.

ಮೂರನೆಯ ದಿನ ಬೆಳಗ್ಗೆ ಕತ್ತರಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಗ್ಯಾರೇಜಿನ ಬಾಗಿಲು ಸರಿಯಿತು. ಅಪ್ಪ ಹೆಗಲ ಮೇಲೆ ಭಾರದ ರೋಲು ಹೊತ್ತು ನಿಂತಿದ್ದ. ಆ ವಯಸ್ಸಿನಲ್ಲಿ ಹೊರಬಾರದ ಭಾರ. ಉಣ್ಣೆಯದು, ಷೋರೂಮಿಗೆ ಹಾಕಿದಂಥದ್ದೇ. ಅವನ ಹಿಂದೆ ಅಣ್ಣ ಗಮ್ಮಿನ ಡಬ್ಬ ಹಿಡಿದಿದ್ದ.

“ಪಕ್ಕಕ್ಕೆ ಬಾಮ್ಮ, ಅಳತೆ ತಗೋತೀನಿ,” ಎಂದ ಅಪ್ಪ, ಏದುಸಿರು ಬಿಡುತ್ತ. “ಇದು ನಿನ್ನ ಆಯುಸ್ಸು ಪೂರ್ತಿ ಬರುತ್ತೆ. ಬೇಕಾದ್ರೆ ನೀನೇ ಕಡ್ಡಿ ಹಾಕಿ ನೋಡು.”

ಕತ್ತರಿ ಏಳಲಿಲ್ಲ. “ಅವನು ಬೇಡ ಅಂದ ಮೇಲೆ ತಂದ್ಯಲ್ಲಪ್ಪ.”

“ಈಗಲಾದ್ರೂ ತಂದಿದ್ದೀನಲ್ಲ.”

“ಅವನು ಬಂದಿದ್ರೆ ತರ್ತಿರಲಿಲ್ಲ.”

ಅಪ್ಪ ಮಗಳನ್ನು ನೋಡುವುದು ಬಿಟ್ಟು ಅವಳ ಕಾಲುಚೀಲಗಳನ್ನು ನೋಡಿದ. “ನೆಲ ತಣ್ಣಗಿದೆ. ಶೀತ ಆಗುತ್ತೆ. ಹಟ ಮಾಡ್ಬೇಡ ಕತ್ತರಿ.”

“ತಗೊಂಡು ಹೋಗಪ್ಪ. ನೆಲ ನನಗೆ ಅಭ್ಯಾಸ ಆಗಿದೆ. ಸಿಮೆಂಟಿಗೆ ಬೆಂಕಿ ಹತ್ತಲ್ಲ.”

ಅವಳು ಯಂತ್ರದ ಕೆಳಗೆ ತುಂಡು ಸೇರಿಸಿ ತುಳಿಯತೊಡಗಿದಳು. ಆ ಸದ್ದಿನಲ್ಲಿ ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ತಡಿಕೆಗೂ ವ್ಯಾನಿಗೂ ನಡುವಿನ ಇಕ್ಕಟ್ಟಿನಲ್ಲಿ ರೋಲು ಹೊತ್ತು ತಿರುಗಲು ಬರುವಂತಿರಲಿಲ್ಲ. ಅಪ್ಪ ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ, ಗೋಡೆಗೆ ಎರಡು ಸಲ ತಾಗಿಸಿಕೊಂಡು, ಹೊರಗೆ ಹೋದ.